ಕೋಗಿಲಿನಲ್ಲಿ ನಾಲಬಂದರ ಜಾಡು

ಕಳೆದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನೂ ಮಗಳು ಸನಾಳೂ ಆರ್.ಟಿ. ನಗರದ ಮನೆಯಿಂದ ಹೊರಟೆವು. ಹೋಗಬೇಕಿದ್ದದ್ದು ಯಲಹಂಕದ ಪಕ್ಕದ ಕೋಗಿಲಿಗೆ. ಇಷ್ಟು ಹತ್ತಿರದ ಊರಿಗೆ ಹೊರಡಲು ನನಗೆ ಐವತ್ತೆರಡು ವರ್ಷ ಬೇಕಾಯಿತು.

ನಮ್ಮ ಮನೆತನದ ಹೆಸರು ನಾಲಬಂದ್, ಅಂದರೆ ಲಾಳ ಕಟ್ಟುವವರು. ನಮ್ಮಜ್ಜ ಅರಮನೆಯ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರೆಂದು ನನ್ನ ಕನ್ನಡಕದ ಅಂಗಡಿಗೆ ಬಂದವರ ಮುಂದೆಲ್ಲ ಬಡಾಯಿ ಕೊಚ್ಚಿದ್ದೇನೆ. ಸನಾಗೆ ಹದಿನೆಂಟು ತುಂಬಿದ್ದೇ ತಡ, ಹೆಸರು ಬದಲಿಸಲು ಅಫಿಡವಿಟ್ ಬರೆಸಿಕೊಂಡು ಬಂದಳು. ಅವಳ ಸಹಿಯೊಂದೇ ಬಾಕಿ. "ಯಾವ ಅರಮನೆ, ಯಾವ ಕುದುರೆ ಅಂತ ನಿಮಗೇ ಗೊತ್ತಿಲ್ಲ ಅಬ್ಬಾ. ನಂಗೆ ಬರೀ ಸನಾ ಸಾಕು," ಎಂದಳು. ತೀರಿಹೋದ ಅಪ್ಪನಿಂದ ನನಗೆ ಬಂದ ಆಸ್ತಿಯೆಂದರೆ ಆ ಹೆಸರೊಂದೇ. ನನಗೆ ನಿಜಕ್ಕೂ ಸಂಕಟವಾಯಿತು. ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ ಹುಟ್ಟಿದೂರು ಕೋಗಿಲು ಎಂದಿತ್ತು. "ಒಂದ್ಸಲ ಹೋಗಿ ಬರೋಣ, ಆಮೇಲೆ ನಿನ್ನಿಷ್ಟ," ಎಂದೆ.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿದೆವು. ಮಗಳಿಗೆ ಫ್ರೀ ಟಿಕೆಟ್, ನನಗೆ ಇಪ್ಪತ್ನಾಲ್ಕು ರೂಪಾಯಿ. ಯಲಹಂಕದಲ್ಲಿ ಇನ್ನೂ ಮಂಜು ಬಿಟ್ಟಿರಲಿಲ್ಲ. ಅಲ್ಲಿ ತಟ್ಟೆ ಇಡ್ಲಿ ತಿಂದು, ಆಟೋದವನೊಂದಿಗೆ ಚೌಕಾಸಿ ಮಾಡಿ ಸೋತು ಕೋಗಿಲಿಗೆ ಬಂದಿಳಿದೆವು. ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. ಟೀ ಅಂಗಡಿಯವರು, "ಹಳೇದೆಲ್ಲಾ ಮುನಿಶಾಮಪ್ಪನವ್ರನ್ನ ಕೇಳ್ಬೇಕು ಸಾರ್. ಈಗ್ಲೂ ಹಸು ಕಟ್ಟಿರೋರು ಅವ್ರೊಬ್ರೇ," ಎಂದು ದಾರಿ ತೋರಿಸಿದರು.

ಮುನಿಶಾಮಪ್ಪನವರಿಗೆ ಎಂಬತ್ತರ ಮೇಲೆಯೇ ಇರಬೇಕು. ಕೊಟ್ಟಿಗೆಯಲ್ಲಿ ಹಸುವಿನ ಬೆಳೆದ ಗೊರಸು ಕತ್ತರಿಸಲು ಕೂತಿದ್ದರು. ನಾನು ಹೆಸರು ಹೇಳಿದೊಡನೆ ಕತ್ತಿ ಕೆಳಗಿಟ್ಟರು.

"ನಾಲಬಂದ್ ಸಾಬ್ರ ಮೊಮ್ಮಗನಾ? ಎತ್ತಿಗೆ ಲಾಳ ಒಡೀತಿದ್ರಲ್ಲ, ಅವ್ರ?"

"ಎತ್ತಿಗಾ? ಅರಮನೆ ಕುದುರೆಗಲ್ವಾ?"

"ಕುದ್ರೆ ಯಾರತ್ರ ಇತ್ತು ಸ್ವಾಮಿ ಇಲ್ಲಿ!" ಎಂದು ಬೊಚ್ಚು ಬಾಯಿ ಬಿಟ್ಟು ನಕ್ಕರು.

ಮಗಳ ಮುಂದೆ ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಅರಮನೆ ಹೋಯಿತು, ಇನ್ನು ಹೆಸರೂ ಹೋದಂತೆಯೇ ಎಂದುಕೊಂಡೆ. ಆದರೆ ಸನಾ ನಗಲಿಲ್ಲ. "ಎತ್ತಿಗೆ ಹೇಗೆ ಹೊಡೀತಿದ್ರು ತಾತಾ?" ಎಂದು ಕೇಳಿದಳು.

ಅವರಿಗೂ ಅಷ್ಟೇ ಬೇಕಾಗಿತ್ತು. ಎತ್ತಿನದು ಸೀಳು ಗೊರಸು, ಕಾಲಿಗೆ ಎರಡರಂತೆ ಎಂಟು ಲಾಳ ಬೇಕು. ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಬೇಕು. "ನಿಮ್ಮಜ್ಜ ಕೆಡವೋಕೆ ಮುಂಚೆ ಮೆಟ್ಟು ಬಿಡೋರು, ಎತ್ತು ಇಡ್ಕೊಳ್ತಿದ್ದ ಉಡುಗ್ರು ನಮ್ಮ ಕೈಲೂ ಬಿಡ್ಸೋರು. ಎತ್ತು ಎದ್ದು ನಿಂತ್ಮೇಲೆ, ಅದ್ನ ಕೆರೆ ಏರಿ ತಂಕ ತಾವೇ ನಡ್ಸಿ ನೋಡೋರು. ಕುಂಟ್ಲಿಲ್ಲ ಅಂದ್ರೇನೇ ಮೆಟ್ಟು ಆಕೊಳ್ಳೋದು. ಅದರ ಕಾಲಿಗೇ ಇಲ್ದೇ ಇರೋವಾಗ ನಮಗ್ಯಾಕೆ ಅನ್ನೋರು." ಆಮೇಲೆ ತಮ್ಮ ಪಾದ ತೋರಿಸಿದರು. ಬರಿಗಾಲು. "ನಂಗೂ ಇಂಗೇ ಅಭ್ಯಾಸ ಆಗೋಯ್ತು ಕಣವ್ವ. ಗೊರಸು ಮುಟ್ಬೇಕಾದ್ರೆ ಮೆಟ್ಟು ಮೆಟ್ಟಲ್ಲ."

ನಾನು ಅಜ್ಜನನ್ನು ನೋಡಿದವನಲ್ಲ. ಆ ಬಿರುಕು ಬಿಟ್ಟ ಪಾದಗಳನ್ನು ನೋಡುತ್ತ ಅಜ್ಜನನ್ನೇ ನೋಡಿದಷ್ಟು ಖುಷಿಯಾಯಿತು. ಇಷ್ಟು ವರ್ಷ ಇಲ್ಲದ ಅರಮನೆಯನ್ನು ಹೊತ್ತು ತಿರುಗಿದ್ದಕ್ಕೆ ನಾಚಿಕೆಯೂ ಆಯಿತು.

ಹಸು ಕೊಸರಾಡುತ್ತಿತ್ತು. "ಯಾರಾದ್ರೂ ಮೂಗುದಾರ ಇಡ್ಕೊಳ್ರಪ್ಪ," ಎಂದರು ಮುನಿಶಾಮಪ್ಪ. ನಾನು ಮುಂದೆ ಹೋಗುವಷ್ಟರಲ್ಲಿ ಸನಾ ಬಗ್ಗಿ ಶೂಸಿನ ಲೇಸು ಬಿಚ್ಚುತ್ತಿದ್ದಳು. ಸಾಕ್ಸನ್ನೂ ತೆಗೆದು ಸಗಣಿಯ ನೆಲಕ್ಕೆ ಕಾಲಿಟ್ಟು ಮೂಗುದಾರ ಹಿಡಿದಳು. ನಾನೂ ಚಪ್ಪಲಿ ಬಿಟ್ಟೆ. ನಾಲ್ಕೂ ಗೊರಸು ಮುಗಿಯುವಷ್ಟರಲ್ಲಿ ಬಿಸಿಲು ಬಂದಿತ್ತು.

ಕಾಫಿ ಕುಡಿದು ಹೊರಟು ಓಣಿಯ ತಿರುವಿಗೆ ಬಂದಿದ್ದೆವು. ಮುನಿಶಾಮಪ್ಪ ಬಾಗಿಲಲ್ಲಿ ನಿಂತು ಕೂಗಿದರು: "ಅವ್ವಾ, ನಿನ್ನ ಎಸ್ರು ಕೇಳೋದೇ ಮರ್ತೆ ನೋಡು!"

ಸನಾ ಹಿಂದಕ್ಕೆ ತಿರುಗಿ ನಿಂತಳು. ಒಮ್ಮೆಯೂ ನನ್ನ ಕಡೆ ನೋಡದೆ, ಅಕ್ಕಪಕ್ಕದವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಸನಾ ನಾಲಬಂದ್, ತಾತಾ!"