ಸೋಮವಾರದ ಹೊಳೆ, ಗವಿಯ ಜನ

ನಾನು ಚಿಕ್ಕವಳಿದ್ದಾಗ ಕೊಣ್ಣೂರಿನ ನಮ್ಮ ಓಣಿಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ಯಾರೂ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಮದುವೆ ಇರಲಿ, ಮಳೆ ಇರಲಿ, ಎತ್ತು ಮೇಯಬೇಕು, ಮಲಗಬೇಕು, ಅಷ್ಟೇ. ನಾನೂ ಎತ್ತಾಗಿ ಹುಟ್ಟಬಾರದಿತ್ತೇ ಎಂದು ಸೋಮವಾರ ಶಾಲೆಗೆ ಹೋಗುವಾಗೆಲ್ಲ ಅಂದುಕೊಳ್ಳುತ್ತಿದ್ದೆ.

ಆ ಶ್ರಾವಣದಲ್ಲಿ ಘಟಪ್ರಭೆ ಮೂರು ದಿನದಿಂದ ಏರುತ್ತಿತ್ತು. ಸೋಮವಾರ ಬೆಳಿಗ್ಗೆ ಕೆಂಪು ನೀರು ಕಬ್ಬು ದಾಟಿ ಓಣಿಯ ಬಾಯಿಗೆ ಬಂತು. ಕಾಗೆಗಳೂ ಕೂಗಲಿಲ್ಲ. ಹಾವುಗಳು ಗೋಡೆ ಏರಿ ಕುಳಿತಿದ್ದವು. ಸೊಂಟ ಮುರಿದಿದ್ದ ಅಜ್ಜಿ ಒಳಗೆ ಹೊರಸಿನ ಮೇಲಿದ್ದಳು. ಅವಳನ್ನು ಹೊತ್ತುಕೊಂಡು ಹೋಗುವಂತಿರಲಿಲ್ಲ. ದಿಬ್ಬದ ಗುಡಿಗೆ ಸಾಗಿಸಲು ಎತ್ತಿನ ಚಕ್ಕಡಿಯೇ ಬೇಕು. ಅಪ್ಪ ಕಟ್ಟೆಯ ಮೇಲೆ ಕುಳಿತು ನೀರನ್ನೇ ನೋಡುತ್ತ, "ನಾಳಿ ಹೂಡೂಣು" ಅಂದ. ನೀರು ನಾಳೆಯವರೆಗೆ ಕಾಯುವಂತೆ ಕಾಣಲಿಲ್ಲ.

ಅಕ್ಕ ದವಾಖಾನೆಯ ಕ್ರೈಸ್ತ ನರ್ಸಬಾಯಿಯಿಂದ ಅವರ ಧರ್ಮಗ್ರಂಥದ ಕತೆ ಕೇಳಿ ಬರುತ್ತಿದ್ದಳು. ಅಂದು ಹೆದರಿ ಹೆದರಿ ಅಂಥದೊಂದನ್ನು ಅಪ್ಪನಿಗೆ ಹೇಳಿದಳು. ಬಹಳ ಹಿಂದೆ ಒಬ್ಬ ರಾಜ ಯೆಹೂದ್ಯರ ಪೂಜೆಯನ್ನು ನಿಲ್ಲಿಸಿದ. ಬಗ್ಗದವರು ಬಂಡೆದ್ದು ಗವಿ ಸೇರಿದರು. ವಾರದ ಏಳನೆಯ ದಿನ ಯಾವ ಕೆಲಸಕ್ಕೂ ಕೈ ಹಾಕಬಾರದೆಂಬುದು ಅವರ ನೇಮ. ರಾಜನ ದಂಡು ಅದೇ ದಿನ ನೋಡಿ ಬಂತು. ಗವಿಯವರು ಒಂದು ಕಲ್ಲು ಎಸೆಯಲಿಲ್ಲ, ಗವಿಯ ಬಾಯಿಗೆ ಬಂಡೆ ಸರಿಸಲಿಲ್ಲ. ದನಕರುಗಳ ಸಮೇತ ಎಲ್ಲರೂ ಸತ್ತರು. ಉಳಿದ ಬಂಡಾಯಗಾರರು ಅತ್ತು, ಇನ್ನು ಮೇಲೆ ಆ ದಿನವೂ ಕಾದಾಡುವುದೆಂದು ನಿಶ್ಚಯಿಸಿದರು.

ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಗುಡ್ಡದ ಗವಿ. ಒಳಗೆ ಕಂಬಳಿ ಹೊದ್ದ ನಮ್ಮೂರಿನವರೇ ಉಸಿರು ಬಿಗಿಹಿಡಿದು ಕುಳಿತಿದ್ದರು.

"ಅವರ ದೇವ್ರು ಬ್ಯಾರೆ, ನಮ್ಮ ದೇವ್ರು ಬ್ಯಾರೆ" ಎಂದು ಅಪ್ಪ ಗದರಿದ.

ಒಳಗಿನಿಂದ ಅಜ್ಜಿ ಕೇಳಿದಳು: "ಆ ಗವಿಯಾಗ ಸಣ್ಣ ಹುಡುಗ್ರು ಇದ್ರೇನ?"

"ಇದ್ರಂತ" ಅಂದಳು ಅಕ್ಕ.

"ಹಂಗಾದ್ರ ಹೂಡಪಾ. ಪಾಪ ಬಂದ್ರ ನನಗ ಬರ್ಲಿ."

ಅಪ್ಪ ಎತ್ತುಗಳ ಕಾಲು ಮುಟ್ಟಿ, ಅಳುತ್ತಲೇ ನೊಗ ಕಟ್ಟಿದ. ಎದುರು ಮನೆಯಲ್ಲಿ ಕಾಲು ಕುಂಟಾಗಿದ್ದ, ಓಣಿಯ ಹುಡುಗರಿಗೆಲ್ಲ ಕಾಕಾ ಆಗಿದ್ದ ಹಿರಿಯನಿದ್ದ. ಅವನನ್ನೂ ಅವನ ಹೆಂಡತಿ ಕಾಕುವನ್ನೂ ಅಪ್ಪ ಕೂಗಿ ಕರೆದ.

"ಸೋಮಾರ ಹೂಡಿದ ಚಕ್ಕಡಿ ನಾ ಹತ್ತಂಗಿಲ್ಲೋ ತಮ್ಮಾ. ನೀವು ಹೋಗ್ರಿ" ಎಂದ ಕಾಕಾ. ತನ್ನ ಎತ್ತುಗಳ ಹಗ್ಗ ಬಿಚ್ಚಿ ಬಿಟ್ಟು ಬಾಗಿಲು ಹಾಕಿಕೊಂಡ. ಕಾಕು ಅವನನ್ನು ಬಿಟ್ಟು ಬರಲಿಲ್ಲ. ಆ ಎತ್ತುಗಳು ನಮ್ಮ ಚಕ್ಕಡಿಯ ಹಿಂದೆಯೇ ದಿಬ್ಬ ಹತ್ತಿದವು.

ಮಧ್ಯಾಹ್ನ ಓಣಿಯ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿಯುವ ಸದ್ದು ಗುಡಿಯವರೆಗೂ ಕೇಳಿಸಿತು. ನಮ್ಮ ಮನೆಯೂ ಹೋಯಿತು. ಕಾಕಾ, ಕಾಕು ಆಮೇಲೆ ಸಿಗಲೇ ಇಲ್ಲ. ಅಜ್ಜಿಯನ್ನು ಉಳಿಸಿಕೊಂಡೆ ಎಂದು ಅಪ್ಪ ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಮಕ್ಕಳೇ, ಈಗ ಹೊಳೆ ಏರುವ ಮೊದಲೇ ನಿಮ್ಮ ಮೊಬೈಲು ಬಡಿದುಕೊಳ್ಳುತ್ತದೆ. ನಿಮ್ಮ ಟ್ರ್ಯಾಕ್ಟರಿಗೆ ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಒಳ್ಳೆಯದೇ ಆಯಿತು. ಗವಿಯ ಕತೆ ಹೇಳಿದರೆ ನೀವು "ಎಂಥಾ ಹುಚ್ಚ ಮಂದಿ ಅಜ್ಜಿ ಅವ್ರು!" ಎಂದು ನಗುತ್ತೀರಿ, ಕಾದಾಡಿದವರೇ ಶೂರರು ಅನ್ನುತ್ತೀರಿ. ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ. ಈಗ ನನಗೆ ನಗು ಬರುವುದಿಲ್ಲ. ಗವಿಯೊಳಗೆ ಕುಳಿತವರ ಮುಖ ನನಗೆ ಗುರುತು ಸಿಗುತ್ತದೆ.