ಅಳಿಸಿದ ತಿಂಗಳಿಂದ ಬಂದ ಫೋನು

ಕಟ್ಟುಕತೆ ಅನ್ನುವವರು ಅನ್ನಲಿ, ಆ ಫೋನು ಎತ್ತಿದ್ದು ಇದೇ ಕೈ. ಆವತ್ತು ಬೆಳಿಗ್ಗೆ ಜೋಳ ಬೀಸಿಸಿಕೊಂಡು ಬಂದಿದ್ದೆ, ಕೊಡ ತಿಕ್ಕಿ ನೀರು ಹಿಡಿದಿದ್ದೆ, ಯಜಮಾನರ ಅಂಗಿಗೆ ಗುಂಡಿ ಹೊಲಿದಿದ್ದೆ. ಮೊಬೈಲು ಸಾಹೇಬರ ಸೊಂಟದಲ್ಲಿ ಮಾತ್ರ ಮೆರೆಯುತ್ತಿದ್ದ ಕಾಲ ಅದು.

ಹಂಪಸಾಗರದ ಹೊಳೆದಂಡೆಯಿಂದ ನಮ್ಮ ಹಗರಿಬೊಮ್ಮನಹಳ್ಳಿ ನೀರಾವರಿ ಕಚೇರಿಗೆ ಗಂಟೆಗೊಮ್ಮೆ ಫೋನು ಬರುತ್ತಿತ್ತು. ನೀರಿನ ಮಟ್ಟ ಹೇಳುವವನು ಕೊಟ್ರಪ್ಪ, ಕಂಪ್ಯೂಟರಿಗೆ ಹಾಕುವವಳು ನಾನು. "ಬರಕೊಂಡ್ರೇನ್ರಿ ಅಕ್ಕಾರ?" ಎನ್ನುತ್ತಿದ್ದ. "ಬರಕೊಂಡೆನಪ್ಪ" ಎನ್ನುವವರೆಗೆ ಫೋನು ಇಡುತ್ತಿರಲಿಲ್ಲ.

ಜುಲೈಯ ಒಂದು ರಾತ್ರಿ, ನನ್ನದೇ ಪಾಳಿ, ಎರಡು ಗಂಟೆಯ ಮಟ್ಟ ಹೇಳಿದ. ಮೂರರದು ಬರಲಿಲ್ಲ… ಬೆಳಿಗ್ಗೆ ಹೊಳೆಗಿಳಿಯುವ ಮೆಟ್ಟಿಲ ಕೆಳಗೆ ಹೆಣ ಸಿಕ್ಕಿತು. 'ಸಂಜೆಯೇ ಕುಡಿದು ಬಿದ್ದಿದ್ದ' ಎಂದು ಸಾಹೇಬರು ವರದಿ ಬರೆದರು. ಪಾಚಿಗಟ್ಟಿದ ಮೆಟ್ಟಿಲಿಗೊಂದು ಕಂಬಿ ಹಾಕಿಸಲಾಗದ ಮಹಾನುಭಾವರು, ಸತ್ತವನ ಬಾಯಿಗೆ ಸಾರಾಯಿ ಸುರಿಯಲು ಎಷ್ಟು ಚುರುಕು!

ಮೂರು ತಿಂಗಳು ಕಳೆದ ಮೇಲೆ, ನಾನು ಹೇಳಿದ ಆ ಫೋನು ಬಂದ ದಿನ ಮಧ್ಯಾಹ್ನ, ಅವನ ಹೆಂಡತಿ ಹುಲಿಗೆವ್ವ ಬಂದಿದ್ದಳು. "ಅಕ್ಕಾರ, ಆ ರಾತ್ರಿದು ಒಂದು ಪ್ರಿಂಟ್ ಕೊಡ್ರಿ. ನನ್ ಗಂಡ ಎಚ್ಚರಿದ್ದ ಅಂತ ನಾಕ್ ಮಂದಿಗೆ ತೋರಸ್ತೀನಿ."

"ನಾಳಿ ಬಾರವ್ವ" ಎಂದೆ.

ಸಂಜೆ ಸಾಹೇಬರು ಬಾಗಿಲಲ್ಲೇ ನಿಂತು ಹೇಳಿದರು. "ಡಿಸ್ಕು ತುಂಬೈತಿ. ಎಲ್ಲಾರು ಹೋದಮ್ಯಾಲೆ ಹಳೇ ಪಾರ್ಟಿಷನ್ ತೆಗೀರಿ. ಜುಲೈದೂ ತೆಗೀರಿ."

ಒಂದೊಂದು ತಿಂಗಳ ಅಂಕಿ ಒಂದೊಂದು ತುಂಡಾಗಿ ಇರುತ್ತಿತ್ತು; ಒಂದೇ ಸಾಲು ಬರೆದರೆ ಇಡೀ ತಿಂಗಳು ಮಾಯ.

"ಎರಡು ವರ್ಷ ಇಡಬೇಕಲ್ಲ ಸರ? ಜುಲೈ ಮುಗದು ಮೂರು ತಿಂಗಳಾತು ಅಷ್ಟ…"

"ಕೆಲಸ ಬೇಕೋ ಬ್ಯಾಡೋ ನಿಮಗ?"

ಇಸ್ಪೀಟಾಡಲು ಹೋದರು. ಅಂಥ ಹುಳಕ್ಕೆ ಹೆದರಿದ ನಾನು ಇನ್ನೂ ಸಣ್ಣ ಹುಳ. ಅಳಿಸಿದೆ.

ರಾತ್ರಿ ಒಂಬತ್ತಕ್ಕೆ ಫೋನು ಬಂತು. ಕೊಟ್ರಪ್ಪನ ಜಾಗಕ್ಕೆ ಬಂದ ಹೊಸಬನಿರಬೇಕು ಎಂದು ಎತ್ತಿದೆ. ಕೊಳೆತ ಪಾಚಿಯ ವಾಸನೆ… ಆ ಕಡೆ ನೀರು ತೊಟ್ಟಿಕ್ಕುವ ಸದ್ದು… ಯಾರೋ ಮಟ್ಟ ಹೇಳಿದರು. ಕೈ ರೂಢಿಯಂತೆ ಟೈಪು ಮಾಡಿತು. ಕಂಪ್ಯೂಟರು ಒಪ್ಪಲಿಲ್ಲ: ಈ ತಾರೀಖಿಗೆ ಪಾರ್ಟಿಷನ್ ಇಲ್ಲ.

ನಾನು ಹಾಕಿದ್ದು ಆ ದಿನದ ತಾರೀಖು. ಪರದೆಯ ಮೇಲಿದ್ದದ್ದು ಜುಲೈ… ಅದೇ ರಾತ್ರಿ, ಎರಡು ಗಂಟೆ.

"ಬರಕೊಂಡ್ರೇನ್ರಿ ಅಕ್ಕಾರ?"

ಫೋನು ಕುಕ್ಕಿದೆ. ಮತ್ತೆ ಎತ್ತಿದರೆ… ಅದೇ ತೊಟ್ಟಿಕ್ಕುವ ಸದ್ದು. ದೀಪ ಆರಿಸದೆ ಓಡಿಬಂದೆ. ಆ ಹೊತ್ತಿನ ಫೋನು ತಾನು ಮಾಡಿಯೇ ಇಲ್ಲವೆಂದ ಹೊಸಬ; ಸಂಜೆಯಿಂದ ಲೈನೇ ಸತ್ತಿತ್ತಂತೆ.

ಮರುದಿನ ಹುಲಿಗೆವ್ವನಿಗೆ "ಮಷಿನ್ ಕೆಟ್ಟೈತವ್ವ" ಎಂದೆ. ನನ್ನ ಮುಖ ನೋಡಿ ಹೋದಳು. ರಾತ್ರಿ ರೊಟ್ಟಿ, ಹೆಸರುಕಾಳು ಪಲ್ಯ ಉಂಡೆವು. ಯಜಮಾನರು ಮೊದಲು ಮಲಗಿದರು. ಕೊಟ್ರಪ್ಪ ಮಾತ್ರ ಇನ್ನೂ ಫೋನು ಇಟ್ಟಿಲ್ಲ.