ಹಾಲವ್ವನ ಎರಡನೇ ಸ್ಕ್ಯಾನ್

ಒಂದು ಮಾತು ಮೊದಲೇ ನನಗೆ ಹೇಳಿದ್ದಿದ್ರೆ ಆ ಸ್ಕ್ಯಾನಿಂಗ್ ಸೆಂಟರಿನವರ ಗಂಟೇನು ಹೋಗ್ತಿತ್ತು ಅನ್ನೋದು ದುಂಡಪ್ಪನ ದೂರು. ಇವತ್ತಿಗೂ ಅದನ್ನ ಬಿಟ್ಟಿಲ್ಲ. ಬಿಟ್ಟರೆ ತಪ್ಪೆಲ್ಲಾ ತನ್ನ ತಲೆ ಮೇಲೇ ಬೀಳುತ್ತೆ ಅಂತ ಅವನಿಗೆ ಗೊತ್ತು.

ಮೂಡಲಪಾಳ್ಯದಲ್ಲಿ ಕಿಟಕಿ, ಗೇಟಿಗೆ ಗ್ರಿಲ್ ಮಾಡಿಕೊಡೋನು ದುಂಡಪ್ಪ. ಓದಿದ್ದು ನಾಲ್ಕನೇ ಕ್ಲಾಸು, ಸಿಟ್ಟು ಮೂಗಿನ ತುದೀಲಿ. ಗದಗದ ಕಡೆಯಿಂದ ಅವನನ್ನ ಕರಕೊಂಡು ಬಂದು ಸಾಕಿದವಳು ಅಕ್ಕ ಹಾಲವ್ವ. ಎರಡು ಸಾವಿರದ ಏಳರಲ್ಲಿ ಅವಳ ತಲೆಯಲ್ಲಿ ಗಡ್ಡೆ ಇದೆ ಅಂತ ಗೊತ್ತಾಯ್ತು. ಆಪರೇಷನ್‌ಗೆ ಮುಂಚೆ ಎಂಆರ್‌ಐ ಆಗಬೇಕು ಅಂದ್ರು.

ಬಸವೇಶ್ವರನಗರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರುಗಳು ಆಗ ಒಂದು ಪರೀಕ್ಷೆ ನಡೆಸ್ತಿದ್ರು. ಮಾಮೂಲಿ ಸ್ಕ್ಯಾನ್‌ಗೆ ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಬೇಕು. ಅದೇ ಚಿತ್ರ ಹತ್ತು ನಿಮಿಷದಲ್ಲಿ ತೆಗೆದರೆ ನಂಬಬಹುದಾ ಅಂತ ನೋಡೋಕೆ, ಗಡ್ಡೆ ಇರೋರನ್ನ ಕೇಳಿ, ಒಪ್ಪಿದೋರಿಗೆ ಎರಡೂ ತೆಗೆದು ಹೋಲಿಸ್ತಿದ್ರು. ಸ್ಕ್ಯಾನ್ ಮಾಡೋ ಹುಡುಗಿ ಹೇಮಶ್ರೀ ಹಾಲವ್ವನಿಗೆ ಎಲ್ಲಾ ಬಿಡಿಸಿ ಹೇಳಿದಳು. ಇದರಿಂದ ನಿಮಗೇನೂ ಲಾಭ ಇಲ್ಲ, ಮುಂದೆ ಬರೋರಿಗೆ ಅನುಕೂಲ ಅಂತಾನೂ ಹೇಳಿದಳು. ಹಾಲವ್ವ ಆಗಲಿ ಅಂದಳು. ಒಡೆಯೋ ತಲೆ ಇಟ್ಟುಕೊಂಡು ಅಷ್ಟು ಹೊತ್ತು ಮಲಗೋ ಕಷ್ಟ ಅವಳಿಗೆ ಗೊತ್ತಿಲ್ಲದ್ದಲ್ಲ.

ಇದೆಲ್ಲಾ ನಡೆಯುವಾಗ ದುಂಡಪ್ಪ ಟೀ ಕುಡಿಯೋಕೆ ಹೋಗಿದ್ದ. ಒಂದು ಗಂಟೆ ಬಿಟ್ಟು ವಾಪಸ್ ಬಂದರೆ ಮೇಜಿನ ಮೇಲಿನ ತಟ್ಟೆಯಲ್ಲಿ ಅಕ್ಕನ ಮೂಗುತಿ, ಪಕ್ಕದಲ್ಲಿ ಅವಳು ಕೊರಳಲ್ಲಿ ಕಟ್ಟೋ ಬೆಳ್ಳಿ ಕರಡಿಗೆ, ಬಾಯಿ ತೆರೆದದ್ದು. ಒಳಗೆ ಲಿಂಗ ಇಲ್ಲ. ಕಟ್ಟಿದ ದಿನದಿಂದ ಮೈ ಬಿಟ್ಟು ಅಗಲದ ಲಿಂಗ, ಸತ್ತರೂ ಜೊತೆಗೇ ಮಣ್ಣಿಗೆ ಹೋಗಬೇಕಾದ್ದು.

ನಿಮ್ಮಕ್ಕನಿಗೆ ಎರಡೆರಡು ಸ್ಕ್ಯಾನ್, ಏನೋ ಪರೀಕ್ಷೆಯಂತೆ ಅಂದ್ರು ಅಲ್ಲಿ ಕೂತೋರೊಬ್ಬರು. ಮುಂದೆ ಏನೂ ಕೇಳಲಿಲ್ಲ ಅವನು. ಬಾಗಿಲು ಗುದ್ದಿದ. ಪ್ರಯೋಗ ಮಾಡೋಕೆ ನಮ್ಮಕ್ಕನ ತಲೇನೇ ಬೇಕಾಯ್ತಾ, ಲಿಂಗ ಕಿತ್ತು ಮಲಗಿಸ್ತೀರಾ ಅಂತ ಬೀದಿಗೆ ಕೇಳೋ ಹಾಗೆ ಕೂಗಾಡಿದ. ಹೇಮಶ್ರೀಗೆ ಬಾಯಿಗೆ ಬಂದದ್ದೆಲ್ಲಾ ಅಂದ. ಉದ್ದದ ಸ್ಕ್ಯಾನ್ ಮುಗಿದು ಹೊಸದು ಆಗಷ್ಟೇ ಶುರುವಾಗಿತ್ತು. ಅವಳು ಅದನ್ನ ಅರ್ಧಕ್ಕೇ ನಿಲ್ಲಿಸಬೇಕಾಯ್ತು.

ಹಾಲವ್ವ ಗೋಡೆ ಹಿಡಕೊಂಡು ಹೊರಗೆ ಬಂದಳು. ಎಡಗೈ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಬಿಳಿ ಬಟ್ಟೆ, ಬಟ್ಟೆಯೊಳಗೆ ಲಿಂಗ.

"ಲೋಹದ್ದು ಒಳಗ ಒಯ್ಯಬಾರದಂತ, ಕರಡಿಗಿ ಅಷ್ಟ ಹೊರಗಿಟ್ಟಾರೋ ತಮ್ಮಾ. ಲಿಂಗ ಈ ಹುಡುಗೀನ ಅರಿವ್ಯಾಗ ಸುತ್ತಿ ಕೈಯಾಗ ಕೊಟ್ಟಾಳ. ಪೂಜಿಗೆ ಕುಂತಂಗ ಆರಾಮ ಮಲಗಿದ್ದೆ."

ಕಾಯ್ತಾ ಕೂತೋರೆಲ್ಲಾ ದುಂಡಪ್ಪನನ್ನೇ ನೋಡ್ತಿದ್ರು. ಅವನು ನೆಲ ನೋಡಿದ. ಹಾಲವ್ವ ಮತ್ತೆ ಒಳಗೆ ಹೋಗಿ ಮಲಗೋಕೆ ನೋಡಿದಳು, ವಾಂತಿ ಬಂತು. ಇನ್ನೊಂದು ದಿನ ಬಂದು ಮುಗಿಸಿಕೊಡ್ತೀನಿ ಅಂತ ಹೇಮಶ್ರೀಗೆ ಮಾತು ಕೊಟ್ಟಳು.

ಮನೆಯಲ್ಲಿ ದಿನಾ ಸೆಂಟರಿಗೆ ಕರಕೊಂಡು ಹೋಗು ಅಂತ ತಮ್ಮನನ್ನ ಕೇಳಿದಳು. ಕೆಲಸ ಇದೆ ಅಂದ, ಆಟೋ ಸಿಗಲಿಲ್ಲ ಅಂದ. ನಿಜ ಏನಂದ್ರೆ ಆ ಹುಡುಗಿಗೆ ಮುಖ ತೋರಿಸೋ ಧೈರ್ಯ ಅವನಿಗಿರಲಿಲ್ಲ. ಅಷ್ಟರಲ್ಲಿ ಆಪರೇಷನ್ ದಿನ ಬಂತು. ಆಮೇಲೆ ಹಾಲವ್ವ ಕಣ್ಣು ಬಿಡಲೇ ಇಲ್ಲ.

ಕಾರ್ಯ ಎಲ್ಲಾ ಮುಗಿದ ಮೇಲೆ ದುಂಡಪ್ಪ ಸೆಂಟರಿಗೆ ಹೋದ. ಹೇಮಶ್ರೀ ಗುರುತು ಹಿಡಿದು, ಅಮ್ಮ ಹೇಗಿದಾರೆ ಅಂತ ಕೇಳಿದಳು. ಹೇಳಿದ.

"ಅವಳ ಬದಲು ನನ್ನ ತಲೆ ತಗೋತೀರೇನಮ್ಮಾ?"

"ಗಡ್ಡೆ ಇರೋರದ್ದೇ ಬೇಕು ಅಣ್ಣ," ಅಂದಳು ಅವಳು, ಮೆಲ್ಲಗೆ. ಕೂತ್ಕೊಳ್ಳಿ, ನೀರು ಕುಡೀರಿ ಅಂದಳು.

ಅವನು ಕೂರಲಿಲ್ಲ. ತಪ್ಪಾಯ್ತು ಅನ್ನೋಕೇ ಬಂದಿದ್ದ, ಅನ್ನದೇ ಹೊರಟುಬಿಟ್ಟ. ಹೊಸಹಳ್ಳಿ ಕಡೆ ಕೆಲಸಕ್ಕೆ ಹೋಗುವಾಗೆಲ್ಲಾ ಈಗಲೂ ಆ ಸೆಂಟರಿನ ರಸ್ತೆ ಬಿಟ್ಟು ಸುತ್ತಿಕೊಂಡೇ ಹೋಗ್ತಾನೆ. ಅಕ್ಕ ಕೊಡ್ತೀನಿ ಅಂದಿದ್ದ ಆ ಹತ್ತು ನಿಮಿಷ ಹಾಗೇ ಬಾಕಿ ಉಳೀತು.